ಪಂಪ್ ಯಾರ ಹತ್ರ ಇತ್ತು?

ಕೋಡಿಬಾಗದಲ್ಲಿ ಚಹಾ ಕುಡಿದು ಗ್ಲಾಸ್ ಕೆಳಗಿಟ್ಟ ಮೇಲೆ ಸೈಕಲ್ ಎಣಿಸಿದೆವು. ಏಳರಲ್ಲಿ ಆರೇ ಇದ್ದವು. ಅಕ್ಕೋರು ಬಂದಿರಲಿಲ್ಲ.

ನಮ್ಮದು ಹೆಸರಿಗಷ್ಟೇ ಕ್ಲಬ್. ಮಾಜಾಳಿಯ ಎಂಜಿನಿಯರಿಂಗ್ ಕಾಲೇಜಿನ ನಾವು ನಾಲ್ವರು, ಸದಾಶಿವಗಡದ ಇಬ್ಬರು ನೌಕರಿಯವರು, ಐವತ್ತು ದಾಟಿದ ಶಾಲೆಯ ಅಕ್ಕೋರು. ಗೇರ್ ಸೈಕಲ್ ಇರುವುದು ಮೂವರಿಗೆ ಮಾತ್ರ. ಅಕ್ಕೋರದು ಮುಂದೆ ಬುಟ್ಟಿಯಿರುವ ಲೇಡಿಸ್ ಸೈಕಲ್. ಭಾನುವಾರ ಬೆಳಿಗ್ಗೆ ಕಾರವಾರದ ಬೀಚಿಗೋ ಗೋವಾ ಗಡಿಗೋ ಹೋಗಿ ಬರುತ್ತಿದ್ದೆವು. ಆ ದಿನ ಮೊದಲ ಸಲ ಅಂಕೋಲೆ. ಹೋಗಿ ಬರಲು ಸುಮಾರು 90 ಕಿ.ಮೀ.

ಹೋಗುವಾಗ ಎಲ್ಲರೂ ಶೂರರೇ. ಹನ್ನೊಂದರ ಹೊತ್ತಿಗೆ ಕಡಲಗಾಳಿ ಎದ್ದಿತು. ಬೇಸಿಗೆಯ ಮಧ್ಯಾಹ್ನ ನಮ್ಮ ಕಡೆ ಅದು ಬೀಸುವುದು ವಾಯವ್ಯದಿಂದ. ಅಂಕೋಲೆಯಿಂದ ಕಾರವಾರಕ್ಕೆ ಬರುವವರಿಗೆ ಎದುರುಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 20 ಕಿ.ಮೀ. ವೇಗದಲ್ಲಿ ಹೋಗುವವರಿಗೆ 10 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ತಡೆ ಎರಡೂಕಾಲು ಪಟ್ಟು. ಮುಂದಿನವರ ಹಿಂಚಕ್ರಕ್ಕೆ ಹತ್ತಿರವಿದ್ದರೆ ಅದರಲ್ಲಿ ಒಳ್ಳೆಯ ಪಾಲು ತಪ್ಪುತ್ತದೆ. ಸ್ವಲ್ಪ ದೂರವಾದರೆ ಆ ಆಸರೆಯೂ ಹೋಯಿತು. ಹಾಗಾಗಿ ಹಿಂದೆ ಬಿದ್ದವರು ಇನ್ನೂ ಹಿಂದೆ ಬೀಳುತ್ತಲೇ ಇರುತ್ತಾರೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದವನು ನಾನು. ಹಟ್ಟಿಕೇರಿ ದಾಟಿದ ಮೇಲೆ ಒಮ್ಮೆಯೂ ಹಿಂದೆ ನೋಡದವನೂ ನಾನೇ. ಮುಂದೆ ಹೋಗುವ ಮೂವರಲ್ಲಿ ಯಾರು ಮೊದಲು ಎಂಬುದೇ ತಲೆಯಲ್ಲಿತ್ತು.

ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಈ ಹೆದ್ದಾರಿಯಲ್ಲಿ ಲಾರಿಗಳು ಹೇಗೆ ಓಡುತ್ತವೆಂದು ಗೊತ್ತಿದ್ದವರಿಗೆ ಆ ಹೊತ್ತು ಏನೇನು ಯೋಚನೆ ಬರುತ್ತದೆಂದು ಹೇಳಬೇಕಿಲ್ಲ. ಬಿಣಗಾ ಘಟ್ಟ ಮತ್ತೊಮ್ಮೆ ಹತ್ತಿ ಇಳಿದೆ. ಅಮದಳ್ಳಿ ಸಮೀಪ ಸಿಕ್ಕರು, ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದರು. ಅವರ್ಸಾ ದಾಟಿದ ಮೇಲೆ ಪಂಕ್ಚರ್. ಭಾನುವಾರವೆಂದು ಅಂಗಡಿ ಬಾಗಿಲು. ಗಾಳಿ, ಲಾರಿ ಸದ್ದಿನಲ್ಲಿ ಫೋನ್ ಕೇಳಿಸಿರಲಿಲ್ಲ.

‘ಪಂಪ್ ಯಾರ ಹತ್ರ ಇತ್ತು ತಮಾ?’ ಎಂದರು.

ನನ್ನ ಬೆನ್ನ ಮೇಲಿತ್ತು. ಪಂಪು, ಪ್ಯಾಚು, ಸೊಲ್ಯೂಷನ್ ಎಲ್ಲ. ಅವರು ಮತ್ತೇನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಕ್ರ ಬಿಚ್ಚದೆ ಪಕ್ಕದಿಂದಲೇ ಟ್ಯೂಬ್ ಎಳೆದು ನೋಡಿದರೆ, ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ತಂತಿ ಚುಚ್ಚಿತ್ತು. ಹತ್ತೇ ನಿಮಿಷದ ಕೆಲಸ. ಅವರು ನಡೆದದ್ದು ತಾಸಿಗೂ ಹೆಚ್ಚು.

ಕಾಳಿ ಸೇತುವೆಯ ಮೇಲೆ ಅವರನ್ನು ಮುಂದೆ ಬಿಟ್ಟು ಹಿಂದೆ ಹೊರಟೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸದರ ಮೇಲೇ ಬಂದವು. ಸೈಕಲ್ಲಿನವರಿಗೆ ಉಳಿದದ್ದು ಅಂಚು. ಹಿಂದಿನ ಲಾರಿಯ ಹಾರ್ನ್ ಪೂರ್ತಿ ನನ್ನ ಕಿವಿಗೇ ಬಿತ್ತು. ಅವರ ವೇಗದಲ್ಲಿ ಆ ಸೇತುವೆ ಎಷ್ಟು ಉದ್ದವೆಂದು ಆವತ್ತು ಗೊತ್ತಾಯಿತು.

ಮುಂದಿನ ಭಾನುವಾರ ಅಕ್ಕೋರು ಬರಲಿಲ್ಲ. ಅದರ ಮುಂದಿನ ವಾರ ಮನೆಗೆ ಹೋಗಿ ಕರೆದೆವು.

ಈಗ ಪಂಪು ಅವರ ಬುಟ್ಟಿಯಲ್ಲೇ ಇರುತ್ತದೆ, ಗಟ್ಟಿ ಕಾಲಿನವನೊಬ್ಬ ಎಲ್ಲರಿಗಿಂತ ಹಿಂದೆ. ಎದುರುಗಾಳಿಯಿದ್ದರೆ ಗೇರಿನವರು ಸರದಿಯಂತೆ ಮುಂದೆ, ಆದರೆ ಹಿಂದಿನವರ ವೇಗದಲ್ಲಿ. ಘಟ್ಟವನ್ನು ಅವರವರ ಶಕ್ತಿಯಂತೆ ಹತ್ತಿ ಮೇಲೆ ಕಾಯುತ್ತೇವೆ. ಕಾಯುವುದರಲ್ಲೂ ಒಂದು ತಪ್ಪು ಮಾಡುತ್ತಿದ್ದೆವು: ಕೊನೆಯವರು ಏದುಸಿರು ಬಿಡುತ್ತ ತಲುಪಿದ ಕೂಡಲೇ ‘ಹೊರಡೋಣ’ ಎನ್ನುತ್ತಿದ್ದೆವು. ವಿಶ್ರಾಂತಿ ಸಿಗುತ್ತಿದ್ದದ್ದು ಬೇಗ ಬಂದವರಿಗೇ. ಈಗ ಕೊನೆಯವರು ನೀರು ಕುಡಿದು ಅವರೇ ‘ಹೋಗೂಣ’ ಎನ್ನಬೇಕು. ಇದು ಬೇಸರವೆಂದು ಗೆಳೆಯನೊಬ್ಬ ಗುಂಪು ಬಿಟ್ಟ. ಅವನ ಮಾತೂ ಪೂರ್ತಿ ಸುಳ್ಳಲ್ಲ, ನನಗೂ ಕೆಲವು ಸಲ ಕಾಲು ತುರಿಸುತ್ತದೆ. ಅದಕ್ಕೆ ತಿಂಗಳಿಗೊಂದು ಭಾನುವಾರ ಬೇರೆ ಇಟ್ಟಿದ್ದೇವೆ.

ಕಳೆದ ವಾರ ಬ್ರೆವೆ ಮಾತು ಬಂತು. ಫ್ರಾನ್ಸಿನಲ್ಲಿ ಶುರುವಾದ ದೂರದ ಸವಾರಿ ಅದು. ಅದರಲ್ಲಿ ಮೊದಲ ನಂಬರ್ ಎಂಬುದಿಲ್ಲ, 200 ಕಿ.ಮೀ.ಗೆ ಹದಿಮೂರೂವರೆ ತಾಸು ಕೊಡುತ್ತಾರೆ. ಅಕ್ಕೋರು ಬಾಯಲ್ಲೇ ಲೆಕ್ಕ ಹಾಕಿದರು.

‘ತಾಸಿಗೆ ಹದಿನೈದೂ ಆಗೂದಿಲ್ಲ. ಚಾ ಕುಡ್ದದ್ದೂ ಅದ್ರಲ್ಲೇ ಸೇರ್ತದಾ?’

ಸೇರುತ್ತದೆ ಎಂದೆ. ಹಾಗಿದ್ದರೆ ಬುಟ್ಟಿ ಬಿಚ್ಚಿ ಭಾರ ಇಳಿಸೋಣವೇ ಎಂದೂ ಕೇಳಿದೆ.

‘ಮತ್ತೆ ಪಂಪ್ ಎಲ್ಲಿ ಇಡೂದು?’ ಎಂದರು.