ಒಂದೇ ತೆರನಾಗಿ ಕಾಣುವ ಎರಡು ನರರೋಗಗಳು: ಮಂಗಳೂರಿನ ಸಂಶೋಧನೆ ಕಲಿಸಿದ ಪಾಠ

ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರಿಗೆ ಒಂದು ಕಣ್ಣು ಹಠಾತ್ತನೆ ಮಂಜಾಗುತ್ತದೆ. ಕೆಲವು ವಾರಗಳಲ್ಲಿ ದೃಷ್ಟಿ ಮರಳುತ್ತದೆ. ವರ್ಷ ತುಂಬುವುದರೊಳಗೆ ಕಾಲುಗಳಲ್ಲಿ ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮೂತ್ರದ ಮೇಲಿನ ಹಿಡಿತವೂ ಹೋಗುತ್ತದೆ. ಮನೆಯವರು ಲಕ್ವ ಹೊಡೆದಿದೆ ಎಂದು ಭಾವಿಸುತ್ತಾರೆ. ಖಾನಾಪುರ ತಾಲೂಕಿನ ಬೀಡಿಯಂತಹ ಊರಿನಿಂದ ಹೊರಟವರು ಎಂ.ಆರ್.ಐ. ಪರೀಕ್ಷೆಗೆಂದು ಬೆಳಗಾವಿ ತಲುಪುವಷ್ಟರಲ್ಲಿ ಅಮೂಲ್ಯ ಕಾಲ ಕಳೆದಿರುತ್ತದೆ. ಚಿತ್ರದಲ್ಲಿ ಕಲೆಗಳು ಕಂಡರೂ ರೋಗ ಯಾವುದೆಂಬುದು ಅಷ್ಟರಿಂದಲೇ ನಿಶ್ಚಯವಾಗದಿರಬಹುದು.

ರೋಗದ ಹೆಸರನ್ನು ಸರಿಯಾಗಿ ನಿಶ್ಚಯಿಸುವ ಈ ಕಾರ್ಯದಲ್ಲಿ ದೀರ್ಘಕಾಲ ತೊಡಗಿದವರು ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ನಡೆದ ಅವರ ಸಂಶೋಧನೆ ದೇಶ ವಿದೇಶಗಳ ವೈದ್ಯಲೋಕದ ಗಮನ ಸೆಳೆದಿದೆ.

ಏನಿದು ಎಂ.ಎಸ್.?

ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ಸಂದೇಶಗಳು ವೇಗವಾಗಿ ಸಾಗಲು ಇದು ಅವಶ್ಯಕ. ಶರೀರವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಈ ಹೊದಿಕೆಯ ಮೇಲೆ ದಾಳಿ ಮಾಡಿದಾಗ ಉಂಟಾಗುವ ವ್ಯಾಧಿಯೇ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಫ್ರಾನ್ಸಿನ ವೈದ್ಯ ಶಾರ್ಕೊ 1868ರಲ್ಲಿ ಇದನ್ನು ವಿವರವಾಗಿ ನಿರೂಪಿಸಿದರು. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಇದು ಶೀತ ದೇಶಗಳ ಬಿಳಿಯರ ರೋಗ, ಭಾರತದಲ್ಲಿ ಅತಿ ವಿರಳ ಎಂಬ ನಂಬಿಕೆ ಬಹುಕಾಲ ಇತ್ತು. ಲಕ್ಷ ಜನರಲ್ಲಿ ಒಬ್ಬರಿಗೆ ಇರಬಹುದೆಂಬುದು ಹಳೆಯ ಅಂದಾಜು. ಮಂಗಳೂರು ನಗರದಲ್ಲಿ ನಡೆಸಿದ ಅಧ್ಯಯನವೊಂದನ್ನು ಡಾ. ಪಂಡಿತ್ ಮತ್ತು ಸಹಲೇಖಕರು 2014ರಲ್ಲಿ ಪ್ರಕಟಿಸಿದರು. ಅಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಯಲ್ಲಿ ಎಂ.ಎಸ್. ಇರುವುದು ಕಂಡುಬಂತು. ಇದಕ್ಕೂ ಮುನ್ನ, 2011ರಲ್ಲಿ, ಕೇಂಬ್ರಿಜ್‌ನ ವಿಜ್ಞಾನಿಗಳ ಸಹಯೋಗದಲ್ಲಿ ಪ್ರಕಟವಾದ ಅಧ್ಯಯನವು, ಯುರೋಪಿಯನ್ನರಲ್ಲಿ ಈ ರೋಗದೊಡನೆ ನಂಟುಳ್ಳ ವಂಶವಾಹಿ ಗುರುತುಗಳು ಭಾರತೀಯರಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ ಎಂದು ಸೂಚಿಸಿತು.

ಹೋಲಿಕೆಯೇ ಅಪಾಯ

ಅದೇ 2014ರ ಅಧ್ಯಯನದಲ್ಲಿ ಲಕ್ಷಕ್ಕೆ ಎರಡೂವರೆಯಷ್ಟು ಮಂದಿಯಲ್ಲಿ ಇನ್ನೊಂದು ವ್ಯಾಧಿ ಕಂಡುಬಂತು. ಅದು ನ್ಯೂರೋಮಯಲೈಟಿಸ್ ಆಪ್ಟಿಕಾ, ಅಂದರೆ ಎನ್.ಎಂ.ಓ. ಇದೂ ಕಣ್ಣಿನ ನರ ಹಾಗೂ ಬೆನ್ನುಹುರಿಯನ್ನೇ ಬಾಧಿಸುವುದರಿಂದ ಬಹುಕಾಲ ಎಂ.ಎಸ್.ನ ಒಂದು ರೂಪವೆಂದೇ ಪರಿಗಣಿಸಲಾಗಿತ್ತು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು ಎನ್.ಎಂ.ಓ. ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವೊಂದನ್ನು ಗುರುತಿಸಿದರು. ಅದು ಅಕ್ವಾಪೊರಿನ್-4 ಎಂಬ ಪ್ರೋಟೀನಿನ ವಿರುದ್ಧ ವರ್ತಿಸುತ್ತದೆ ಎಂಬುದು ಮರುವರ್ಷ ತಿಳಿಯಿತು. ಎರಡೂ ಬೇರೆ ಬೇರೆ ರೋಗಗಳೆಂಬುದು ಹೀಗೆ ಸ್ಪಷ್ಟವಾಯಿತು.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಎಂ.ಎಸ್.ಗೆ ನೀಡುವ ಇಂಟರ್‌ಫೆರಾನ್ ಬೀಟಾದಂತಹ ಔಷಧಗಳು ಎನ್.ಎಂ.ಓ. ರೋಗಿಯ ಸ್ಥಿತಿಯನ್ನು ಉಲ್ಬಣಗೊಳಿಸಬಲ್ಲವು. ಎನ್.ಎಂ.ಓ.ದಲ್ಲಿ ಒಂದೇ ದಾಳಿಯಿಂದ ಕಣ್ಣು ಶಾಶ್ವತವಾಗಿ ಹೋಗುವ, ಕಾಲು ಸ್ವಾಧೀನ ತಪ್ಪುವ ಸಂಭವವುಂಟು. ಹೆಸರು ತಪ್ಪಿದರೆ ಚಿಕಿತ್ಸೆಯೇ ಅಪಾಯವಾಗುತ್ತದೆ.

ಪ್ರಯೋಗಾಲಯದ ಕಾಣಿಕೆ

2011ರಲ್ಲಿ ಆರಂಭವಾದ ಮಂಗಳೂರು ನೋಂದಣಿಯು ಇಂತಹ ರೋಗಿಗಳ ವಿವರಗಳನ್ನು ವರ್ಷಾನುವರ್ಷ ದಾಖಲಿಸುತ್ತ ಬಂದಿದೆ. ಜಪಾನಿನ ತಜ್ಞರ ಸಹಯೋಗವೂ ಈ ಸಂಶೋಧನೆಗೆ ದೊರೆಯಿತು. ಪ್ರತಿಕಾಯ ಪತ್ತೆಗೆ ಜೀವಕೋಶ ಆಧಾರಿತ ಪರೀಕ್ಷೆಯನ್ನು ಡಾ. ಪಂಡಿತ್ ಅವರ ತಂಡ ಮಂಗಳೂರಿನಲ್ಲಿಯೇ ಸಿದ್ಧಪಡಿಸಿಕೊಂಡಿತು. ಇದರ ವಿಧಾನ ಸರಳವಾಗಿ ಹೀಗಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳು ಅಕ್ವಾಪೊರಿನ್-4 ಪ್ರೋಟೀನನ್ನು ತಮ್ಮ ಮೇಲ್ಮೈಯಲ್ಲಿ ತೋರುವಂತೆ ಮಾಡಲಾಗುತ್ತದೆ. ಅವುಗಳಿಗೆ ರೋಗಿಯ ರಕ್ತದ ಸೀರಂ ಸೇರಿಸಿದಾಗ, ಪ್ರತಿಕಾಯ ಇದ್ದರೆ ಅದು ಕೋಶಗಳಿಗೆ ಅಂಟಿಕೊಳ್ಳುತ್ತದೆ. ಬಳಿಕ ಹಾಕುವ ಹೊಳೆಯುವ ರಾಸಾಯನಿಕದಿಂದ ಅದು ಸೂಕ್ಷ್ಮದರ್ಶಕದಲ್ಲಿ ಗೋಚರಿಸುತ್ತದೆ.

ಮಾಗ್ ಎಂಬ ಮತ್ತೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನೂ ತಂಡವು ಭಾರತೀಯ ರೋಗಿಗಳಲ್ಲಿ ಗುರುತಿಸಿ, 2016ರಲ್ಲಿ ಅವರ ರೋಗಲಕ್ಷಣಗಳನ್ನು ವರದಿ ಮಾಡಿತು. ಇಂದು ಇದನ್ನು ಮೂರನೆಯ ಪ್ರತ್ಯೇಕ ವ್ಯಾಧಿಯೆಂದು ಪರಿಗಣಿಸಲಾಗಿದೆ.

ಓದುಗರು ತಿಳಿಯಬೇಕಾದುದು

ಎನ್.ಎಂ.ಓ. ದಾಳಿ ನಡೆದಾಗ ತಡಮಾಡದೆ ಸ್ಟೀರಾಯ್ಡ್ ಚುಚ್ಚುಮದ್ದು ನೀಡಬೇಕಾಗುತ್ತದೆ. ಅದು ಸಾಲದಿದ್ದರೆ ರಕ್ತದ ಪ್ಲಾಸ್ಮಾ ಬದಲಾವಣೆ ಮಾಡಲಾಗುತ್ತದೆ. ಮರುದಾಳಿ ತಡೆಯಲು ಅಜಾಥಿಯೋಪ್ರಿನ್‌ನಂತಹ ಅಗ್ಗದ ಮಾತ್ರೆಗಳೂ, ರಿಟುಕ್ಸಿಮಾಬ್ ಚುಚ್ಚುಮದ್ದೂ ಬಳಕೆಯಲ್ಲಿವೆ. ದುಬಾರಿ ಹೊಸ ಔಷಧ ಎಟುಕದ ಕುಟುಂಬಗಳಿಗೂ ದಾರಿ ಮುಚ್ಚಿಲ್ಲ ಎಂಬುದು ಸಮಾಧಾನಕರ. ಆದರೆ ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸುವುದು ಸಲ್ಲದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಎಂ.ಎಸ್. ಹಾಗೂ ದೀರ್ಘಕಾಲಿಕ ನರರೋಗಗಳು ಸೇರಿವೆ. ಅರ್ಹರು ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು.

ಕಣ್ಣು ಹಠಾತ್ತನೆ ಮಂಜಾಗಿ ತಾನಾಗಿಯೇ ಸರಿಹೋದರೂ, ಕಾಲಿನ ಜೋಮು ದಿನಗಟ್ಟಲೆ ಉಳಿದರೂ ಅಲಕ್ಷಿಸದೆ ನರರೋಗ ತಜ್ಞರನ್ನು ಕಾಣಬೇಕು. ಹಿಂದಿನ ಚೀಟಿಗಳನ್ನೂ ಎಂ.ಆರ್.ಐ. ಚಿತ್ರಗಳನ್ನೂ ಜೋಪಾನವಾಗಿ ಜೊತೆಗೆ ಒಯ್ಯುವುದು ಒಳಿತು. ಹಳೆಯ ದಾಳಿಯ ವಿವರವೇ ಎಷ್ಟೋ ಬಾರಿ ರೋಗದ ನಿಜವಾದ ಹೆಸರನ್ನು ಹೇಳುತ್ತದೆ.