ಕಾಲಾಂತರದ ಮಲ್ಲರೂ ಹೋಲಿಕೆಯ ಗಣಿತವೂ

ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ, ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಬಲಗೈಯಲ್ಲಿ ಮೊನೆಗಳುಳ್ಳ ಆಯುಧವನ್ನು ತೊಟ್ಟು ಕಣಕ್ಕಿಳಿದು, ಒಬ್ಬನ ನೆತ್ತಿಯಿಂದ ಮೊದಲ ರಕ್ತಬಿಂದು ಒಸರಿದೊಡನೆಯೇ ಬೇರ್ಪಡುವರು. ಹಲವು ವೇಳೆ ಅದು ಕೆಲವೇ ಕ್ಷಣಗಳ ವ್ಯವಹಾರ. ಇಂದಿನ ಜಟ್ಟಿಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಜಟ್ಟಿಯನ್ನು ಗೆಲ್ಲಬಲ್ಲನೇ ಎಂಬ ಪ್ರಶ್ನೆ ಎಷ್ಟೇ ಸ್ವಾರಸ್ಯಕರವಾಗಿದ್ದರೂ, ಒಂದು ಹನಿ ರಕ್ತದಿಂದ ತೀರ್ಮಾನವಾಗುವ ಸ್ಪರ್ಧೆಯಲ್ಲಿ ಬಲಕ್ಕೆಷ್ಟು ಪಾಲು, ಆಕಸ್ಮಿಕಕ್ಕೆಷ್ಟು ಪಾಲು ಎಂಬುದನ್ನು ವಿಂಗಡಿಸುವುದು ದುಸ್ಸಾಧ್ಯ. ಕಾಲಾಂತರದ ಹೋಲಿಕೆಗೆ ಉಳಿದುಬಂದ ಪುರಾವೆಯೂ ಬೇಕಷ್ಟೆ. ದೇವನಹಳ್ಳಿಗೆ ಸಮೀಪದ ನಲ್ಲೂರಿನಲ್ಲಿ, 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಹುಣಸೆ ತೋಪಿನ ಹಳೆಯ ಮರಗಳು ತಮ್ಮ ವಯಸ್ಸನ್ನು ಕಾಂಡದೊಳಗಿನ ಇಂಗಾಲದಲ್ಲಿಯೇ ಕಾಪಿಟ್ಟುಕೊಂಡಿವೆ. ಮಲ್ಲನ ಪರಾಕ್ರಮವಾದರೋ ಬರೆದಿಟ್ಟಷ್ಟೇ ಉಳಿಯುತ್ತದೆ.

ಹಾಗೆ ಬರೆದಿಟ್ಟ ಲೆಕ್ಕ ಸಮೃದ್ಧವಾಗಿರುವುದು ಪಾಶ್ಚಾತ್ಯ ಮುಷ್ಟಿಯುದ್ಧದಲ್ಲಿ, ಅದರಲ್ಲಿಯೂ ಹೆವಿವೇಟ್ ವರ್ಗದಲ್ಲಿ. ಆಡಿದ 49 ಪಂದ್ಯಗಳನ್ನೂ ಗೆದ್ದು 1956ರಲ್ಲಿ ನಿವೃತ್ತನಾದ ರಾಕಿ ಮಾರ್ಸಿಯಾನೊ ಸುಮಾರು 85 ಕಿಲೋ ತೂಗುತ್ತಿದ್ದನು. 2020ರಲ್ಲಿ ಕಿರೀಟ ಗೆದ್ದ ಟೈಸನ್ ಫ್ಯೂರಿಯ ತೂಕ 124 ಕಿಲೋ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದರೆ ತೂಕವು ಘನಗಾತ್ರವನ್ನು ಅನುಸರಿಸುವುದರಿಂದ, ದೇಹದ ಆಕಾರ ಒಂದೇ ಎಂದು ಭಾವಿಸಿದಲ್ಲಿ, ತೂಕ ಶೇಕಡಾ 46ರಷ್ಟು ಏರಿದಾಗ ಬಲ ಏರುವುದು ಶೇಕಡಾ 29ರಷ್ಟು ಮಾತ್ರ. ಹಾಗಿದ್ದರೂ ಅದು ಅಲ್ಪ ಅಂತರವಲ್ಲ. ಇಂದಾದರೆ ಮಾರ್ಸಿಯಾನೊ, 90.7 ಕಿಲೋ ಮಿತಿಯ ಕ್ರೂಸರ್‌ವೇಟ್ ವರ್ಗಕ್ಕೆ ಸೇರುತ್ತಿದ್ದನು.

ಗಣಕಯಂತ್ರವೂ ಈ ವಿವಾದಕ್ಕೆ ಕೈಹಾಕಿತು. ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿಯವರನ್ನು 1969ರಲ್ಲಿ ಎದುರುಬದುರಾಗಿ ನಿಲ್ಲಿಸಿ ಹಲವು ಬಗೆಯ ಮುಕ್ತಾಯಗಳನ್ನು ಚಿತ್ರೀಕರಿಸಿಕೊಂಡು, ಯಂತ್ರದ ತೀರ್ಪೆಂದು ಹೇಳಿ ಮುಂದಿನ ಜನವರಿಯಲ್ಲಿ ತೋರಿಸಿದ ಚಲನಚಿತ್ರದಲ್ಲಿ ಮಾರ್ಸಿಯಾನೊ 13ನೆಯ ಸುತ್ತಿನಲ್ಲಿ ಗೆದ್ದನು; ಯೂರೋಪಿನಲ್ಲಿ ತೋರಿಸಿದ ಇನ್ನೊಂದು ಪ್ರತಿಯಲ್ಲಿ ಗೆದ್ದವನು ಅಲಿ. ಯಂತ್ರವೂ ಪ್ರೇಕ್ಷಕರ ಮರ್ಜಿ ನೋಡಿತೆಂದು ನಗುವವರನ್ನು ದೂಷಿಸಲಾಗದು.

ಇದಕ್ಕಿಂತ ಗಂಭೀರವಾದುದು, ಚದುರಂಗಕ್ಕಾಗಿ ಅರ್ಪಾಡ್ ಏಲೋ ರೂಪಿಸಿದ ಅಂಕಪದ್ಧತಿ. ಯಾರು ಯಾರನ್ನು ಗೆದ್ದರೆಂಬ ಕೊಂಡಿಗಳ ಸರಪಳಿ ಹಿಡಿದು, ಎಂದೂ ಸಂಧಿಸದ ಇಬ್ಬರನ್ನು ಅದು ಒಂದೇ ಮಾಪಕದ ಮೇಲೆ ತರಬಲ್ಲದು. ಮಾರ್ಸಿಯಾನೊ ಮತ್ತು ಅಲಿಯವರ ನಡುವೆ ಅಂತಹ ಕೊಂಡಿಯಾಗಿ ಆರ್ಚಿ ಮೂರ್ ಇದ್ದಾನೆ. ಅವನನ್ನು 1955ರಲ್ಲಿ ಮಾರ್ಸಿಯಾನೊ 9ನೆಯ ಸುತ್ತಿನಲ್ಲಿಯೂ, 1962ರಲ್ಲಿ ಇನ್ನೂ ಕ್ಯಾಶಿಯಸ್ ಕ್ಲೇ ಎಂಬ ಹೆಸರಿನಲ್ಲಿದ್ದ ಅಲಿ 4ನೆಯ ಸುತ್ತಿನಲ್ಲಿಯೂ ಸೋಲಿಸಿದರು. ಆದಕಾರಣ ಅಲಿಯೇ ಮೇಲು ಎನ್ನೋಣವೇ? ನಡುವಣ ಏಳು ವರ್ಷಗಳಲ್ಲಿ ಮೂರ್ ನಲವತ್ತನ್ನು ದಾಟಿ ಬಹುದೂರ ಬಂದಿದ್ದನು. ಮಾರ್ಸಿಯಾನೊ 1951ರಲ್ಲಿ ಸೋಲಿಸಿದ ಜೋ ಲೂಯಿಗೆ 37 ವರ್ಷ. ಲ್ಯಾರಿ ಹೋಮ್ಸ್ 1980ರಲ್ಲಿ ಸೋಲಿಸಿದ ಅಲಿಗೆ 38. ಮೈಕ್ ಟೈಸನ್ 1988ರಲ್ಲಿ ಕೆಡವಿದ ಹೋಮ್ಸನಿಗೂ 38. ಯುಗಯುಗಗಳನ್ನು ಬೆಸೆಯುವ ಕೊಂಡಿ ಪ್ರಾಯಶಃ ಸದಾ ಹೀಗೆಯೇ, ಇಳಿವಯಸ್ಸಿನ ವೀರನಿಗೂ ಏರುಯೌವನದವನಿಗೂ ನಡೆದ ಪಂದ್ಯವಾಗಿರುವುದರಿಂದ, ವಯಸ್ಸಿನ ತಿದ್ದುಪಡಿಯಿಲ್ಲದ ಅಂಕಗಣಿತವು ಹಿಂದಿನವರನ್ನು ಅನ್ಯಾಯವಾಗಿ ಕುಗ್ಗಿಸುತ್ತದೆ. ಈ ಎಚ್ಚರ ನಮ್ಮ ನಾಡಿಗೆ ಹೊಸದಲ್ಲ: ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗನುಸಾರವಾಗಿ ವರ್ಗೀಕರಿಸಿದ್ದನು.

ವಾಸ್ತವವಾಗಿ ಇಲ್ಲಿರುವುದು ಎರಡು ಪ್ರಶ್ನೆಗಳು. ಕಣದಲ್ಲಿ ಯಾರು ಯಾರನ್ನು ಕೆಡಹುವರೆಂದು ಕೇಳಿದರೆ, ಗಾತ್ರದ ಬಲದಿಂದ ಫ್ಯೂರಿ ಮಾರ್ಸಿಯಾನೊನನ್ನು ಗೆಲ್ಲುವನೆಂದೇ ನನ್ನ ಎಣಿಕೆ. ತನ್ನ ಸಮಕಾಲೀನರಿಗಿಂತ ಯಾರು ಅತ್ಯಂತ ಎತ್ತರದಲ್ಲಿ ನಿಂತರೆಂದು ಕೇಳಿದರೆ, 1937ರಿಂದ 1949ರವರೆಗೆ ಕಿರೀಟವನ್ನು ಬಿಟ್ಟುಕೊಡದೆ 25 ಬಾರಿ ರಕ್ಷಿಸಿಕೊಂಡ ಜೋ ಲೂಯಿಗೆ ಹೆವಿವೇಟ್ ವರ್ಗದಲ್ಲಿ ಸಮನಾದವನು ಇನ್ನೂ ಬಂದಿಲ್ಲ.