ಮೂಲೆಗೆ ಮೂಲೆ: ಪುಟ್ಟ ಕೈಗಳಿಗೆ ವಸಂತದ ಒರಿಗಾಮಿ

ಕೊಕ್ಕರೆಯಿಂದ ಶುರು ಮಾಡಬೇಡಿ. ಒರಿಗಾಮಿ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಅದೇ ಹಕ್ಕಿ, ನಿಜ. ಆದರೆ ಅದಕ್ಕೆ ಇಪ್ಪತ್ತರ ಆಸುಪಾಸು ಹಂತಗಳು ಬೇಕು. ನಡುವೆ ಒಂದು ಕಡೆ ಕಾಗದದ ಪದರವನ್ನು ಎತ್ತಿ, ಅಗಲಿಸಿ, ಮತ್ತೆ ಚಪ್ಪಟೆ ಮಾಡಬೇಕಾಗುತ್ತದೆ. ಅಲ್ಲಿ ದೊಡ್ಡವರ ಬೆರಳೇ ತಡವರಿಸುತ್ತದೆ. ನಾಲ್ಕೈದು ವರ್ಷದ ಮಗುವಾದರೆ ಆ ಹೊತ್ತಿಗೆ ಕಾಗದವನ್ನು ಅಮ್ಮನ ಕೈಗೆ ತುರುಕಿ ಎದ್ದು ಹೋಗಿರುತ್ತದೆ. ಆಮೇಲೆ ಕೊಕ್ಕರೆ ಮಾಡುವುದು ಅಮ್ಮ.

ಚಿಕ್ಕವರಿಗೆ ಏನನ್ನು ಕಲಿಸಬೇಕು ಎಂದು ಆರಿಸುವಾಗ ಆ ವಸ್ತು ಎಷ್ಟು ಚೆಂದ ಕಾಣುತ್ತದೆ ಎನ್ನುವುದನ್ನು ಬದಿಗಿಟ್ಟು, ಅದರಲ್ಲಿರುವ ಮಡಿಕೆಗಳನ್ನು ನೋಡಿ. ಮೂಲೆಗೆ ಮೂಲೆ ಕೂಡಿಸು, ಅಂಚಿಗೆ ಅಂಚು ಕೂಡಿಸು ಎಂದರೆ ಎಲ್ಲಿಗೆ ಒಯ್ಯಬೇಕು ಎನ್ನುವುದು ಕಾಗದದ ಮೇಲೆಯೇ ಕಾಣುತ್ತದೆ. ‘ಮೂರರಲ್ಲಿ ಒಂದು ಪಾಲಿನಷ್ಟು ಮಡಚು’ ಎಂದರೆ ಕಾಣುವುದಿಲ್ಲ, ಊಹಿಸಬೇಕು. ಮೊದಲ ಬಗೆಯ ಮಡಿಕೆಗಳು ಹೆಚ್ಚಿದ್ದು, ಎರಡನೆಯದು ಒಂದೋ ಎರಡೋ ಇದ್ದು, ಅದೂ ತಪ್ಪಿದರೆ ವಸ್ತು ಕೆಡದಂತಿದ್ದರೆ ಅದು ಮಕ್ಕಳಿಗೆ ತಕ್ಕದ್ದು.

ಜಪಾನಿನಲ್ಲಿ ಶಾಲೆಯ ವರ್ಷ ಶುರುವಾಗುವುದು ಏಪ್ರಿಲ್ ತಿಂಗಳಿನಲ್ಲಿ, ಚೆರ್ರಿ ಹೂ ಬಿಡುವ ಕಾಲಕ್ಕೆ. ವಸಂತಕ್ಕೆಂದು ಅಲ್ಲಿನ ಪುಟ್ಟ ಮಕ್ಕಳು ಮಡಚುವ ಟ್ಯೂಲಿಪ್, ಚಿಟ್ಟೆ, ಕೆಂಪು ಬೆನ್ನಿನ ಗುಲಗಂಜಿ ಹುಳು, ಮೇ 5ರ ಮಕ್ಕಳ ದಿನಕ್ಕೆ ಮಾಡುವ ಯೋಧನ ಶಿರಸ್ತ್ರಾಣ, ಇವೆಲ್ಲವನ್ನೂ ಒಂದೇ ತ್ರಿಕೋನದಿಂದ ಮಾಡಬಹುದು. ಮೊದಲ ಮಡಿಕೆ ನಾಲ್ಕಕ್ಕೂ ಒಂದೇ. ಎರಡನೆಯ ಮಡಿಕೆಯಲ್ಲಿ ದಾರಿ ಬೇರೆಯಾಗುತ್ತದೆ. ನಮ್ಮಲ್ಲಿ ಅದೇ ಹೊತ್ತಿಗೆ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದಿರುತ್ತದೆ. ಹೊರಗೆ ಬಿಸಿಲು, ಒಳಗೆ ಗಲಾಟೆ. ಒಂದು ತ್ರಿಕೋನ ಚೆನ್ನಾಗಿ ಕಲಿತರೆ ನಾಲ್ಕು ಮಧ್ಯಾಹ್ನ ಕಳೆಯುತ್ತದೆ.

ಶಿಶುವಿಹಾರದ ಕಾಗದ ಮಡಿಕೆ ಪೂರ್ತಿ ಜಪಾನಿನ ಸೊತ್ತೇನಲ್ಲ. ಕಿಂಡರ್‌ಗಾರ್ಟನ್ ಪದ್ಧತಿಯನ್ನು ಹುಟ್ಟುಹಾಕಿದ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಮಕ್ಕಳ ಕೈಕೆಲಸಗಳಲ್ಲಿ ಚೌಕ ಕಾಗದ ಮಡಚುವುದನ್ನೂ ಸೇರಿಸಿದ್ದ. 1876ರಲ್ಲಿ ಟೋಕಿಯೊದಲ್ಲಿ ಶಿಶುವಿಹಾರ ತೆರೆದಾಗ ಅವನ ಪಾಠಕ್ರಮವೂ ಜೊತೆಗೆ ಬಂತು. ಅಲ್ಲಿ ಮನೆಮನೆಗಳಲ್ಲಿ ಮೊದಲೇ ಇದ್ದ ಮಡಿಕೆಗಳ ಜೊತೆ ಬೆರೆಯಿತು. ನಮಗೆ ಹತ್ತಿರದ ಮದ್ರಾಸಿನಲ್ಲಿ ಟಿ. ಸುಂದರ ರಾವ್ ಅವರು 1893ರಲ್ಲಿ ಕಾಗದ ಮಡಚುತ್ತಲೇ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕವೊಂದನ್ನು ಹೊರತಂದರು. ಅವರಿಗೆ ಆ ಯೋಚನೆ ಹೊಳೆದದ್ದು ಕಿಂಡರ್‌ಗಾರ್ಟನ್ ಮಕ್ಕಳ ಮಡಿಕೆ ಕಾಗದಗಳಿಂದ. ಪುಸ್ತಕದ ಮೊದಲ ಅಧ್ಯಾಯವೇ ಚೌಕದ ಬಗ್ಗೆ. ನಾವೂ ಅಲ್ಲಿಂದಲೇ ಹೊರಡಬೇಕು.

ಒರಿಗಾಮಿ ಕಾಗದ ಎಂದು ಮಾರುವುದು ಸಾಮಾನ್ಯವಾಗಿ 15 ಸೆಂ.ಮೀ. ಚೌಕ, ಒಂದು ಮಗ್ಗುಲಿಗೆ ಬಣ್ಣ, ಇನ್ನೊಂದಕ್ಕೆ ಬಿಳುಪು. ಅದು ಸಿಗದಿದ್ದರೆ ಚಿಂತೆಯಿಲ್ಲ, ಸ್ಟೇಷನರಿ ಅಂಗಡಿಯ ಗ್ಲೇಜ್ ಪೇಪರ್ ಸಾಕು. ಚಾರ್ಟ್ ಪೇಪರ್ ಮಾತ್ರ ಬೇಡ. ಅದು ದಪ್ಪ, ಎರಡನೇ ಮಡಿಕೆಗೇ ಉಬ್ಬಿ ನಿಲ್ಲುತ್ತದೆ, ಮಗುವಿನ ಬೆರಳಿಗೆ ಬಗ್ಗುವುದಿಲ್ಲ. ತೀರಾ ಚಿಕ್ಕ ಚೌಕವೂ ಬೇಡ. ಮಗುವಿನ ಕೈ ಮೂರು ಮಿ.ಮೀ. ಜಾರುವುದು ಸಹಜ, 20 ಸೆಂ.ಮೀ. ಕಾಗದದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ, 7 ಸೆಂ.ಮೀ. ಕಾಗದದಲ್ಲಿ ಹೂವು ಸೊಟ್ಟಗಾಗುತ್ತದೆ. ‘ಪುಟ್ಟ ಮಗುವಿಗೆ ಪುಟ್ಟ ಕಾಗದ’ ಎಂದುಕೊಳ್ಳುವವರೇ ಹೆಚ್ಚು. ಆಗಬೇಕಾದ್ದು ಅದರ ತಿರುಗುಮುರುಗು.

ಎ4 ಹಾಳೆಯಿಂದ ಚೌಕ ಮಾಡಲು ಸ್ಕೇಲ್ ಬೇಡ. ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿಟ್ಟು, ಮೇಲಿನ ಎಡ ಮೂಲೆಯನ್ನು ಎಳೆದು ತಂದು, ಮೇಲಿನ ಗಿಡ್ಡ ಅಂಚು ಬಲಗಡೆಯ ಉದ್ದ ಅಂಚಿನ ಮೇಲೆ ಸರಿಯಾಗಿ ಕೂರುವಂತೆ ಮಡಚಿ. ಕೆಳಗೆ ಉಳಿಯುವ ಪಟ್ಟಿಯನ್ನು ಕತ್ತರಿಸಿದರೆ 21 ಸೆಂ.ಮೀ. ಚೌಕ ಸಿಕ್ಕಿತು. ಕತ್ತರಿ ದೊಡ್ಡವರ ಕೈಯಲ್ಲಿರಲಿ. ಪಟ್ಟಿಯನ್ನು ಎಸೆಯಬೇಡಿ, ಎಲೆಗೆ ಬೇಕಾಗುತ್ತದೆ.

ಇನ್ನು ಮಡಿಕೆ. ಕಾಗದ ಎಂದರೆ ಒತ್ತಿ ಒಣಗಿಸಿದ ನಾರಿನ ಪದರ. ಮಡಚಿ ತೀಡಿದಾಗ ಹೊರಮೈಯ ನಾರುಗಳು ಹಿಗ್ಗುತ್ತವೆ, ಒಳಮೈಯವು ಕುಗ್ಗುತ್ತವೆ, ಕೆಲವು ಮುರಿದೂ ಹೋಗುತ್ತವೆ. ಅದರಿಂದಲೇ ಗೆರೆ ಉಳಿಯುವುದು, ಬಿಡಿಸಿದರೂ ಕಾಗದ ಮತ್ತೆ ಅಲ್ಲೇ ಬಗ್ಗುವುದು. ಅರೆಬರೆ ಒತ್ತಿದರೆ ನಾರು ಬಗ್ಗಿರುವುದಿಲ್ಲ. ಕೈ ಬಿಟ್ಟ ಕೂಡಲೇ ಕಾಗದ ಎದ್ದು ಬರುತ್ತದೆ. ಮಕ್ಕಳು ಮಾಡುವುದು ಬಹುಪಾಲು ಇದನ್ನೇ. ಮೂಲೆ ಇನ್ನೂ ಕೂಡಿರುವುದಿಲ್ಲ, ಆಗಲೇ ಅಂಗೈಯಲ್ಲಿ ಪಟ್ ಎಂದು ಬಡಿದುಬಿಡುತ್ತಾರೆ. ಕೆಲಸವನ್ನು ಮೂರು ಮಾತಾಗಿ ಹೇಳಿಕೊಡಿ: ಕೂಡಿಸು, ಹಿಡಿ, ತೀಡು. ಒಂದು ಕೈ ಕೂಡಿಸಿದ ಮೂಲೆಯನ್ನು ಹಿಡಿದಿರಲಿ. ಇನ್ನೊಂದು ಕೈಯ ಬೆರಳು ಮಡಿಕೆಯ ನಡುವಿನಿಂದ ಒಂದು ತುದಿಗೆ, ಮತ್ತೆ ನಡುವಿನಿಂದ ಇನ್ನೊಂದು ತುದಿಗೆ ಹೋಗಲಿ. ನೆಲವೋ ಮೇಜೋ, ಗಟ್ಟಿ ಜಾಗ ಬೇಕು. ಹಾಸಿಗೆಯ ಮೇಲೆ ಆಗುವ ಕೆಲಸವಲ್ಲ.

ಕಲಿಸುವವರು ಮಗುವಿನ ಎದುರು ಕೂರಬಾರದು, ಪಕ್ಕದಲ್ಲಿ ಕೂರಬೇಕು. ಎದುರು ಕೂತರೆ ನಿಮ್ಮ ಎಡ ಅದರ ಬಲವಾಗಿ, ‘ಈ ಕಡೆ ಅಲ್ಲ, ಆ ಕಡೆ’ ಎನ್ನುವುದರಲ್ಲೇ ಹೊತ್ತು ಹೋಗುತ್ತದೆ. ನಿಮ್ಮ ಕಾಗದ ಮಗುವಿನದಕ್ಕಿಂತ ದೊಡ್ಡದಿರಲಿ, ಬೇರೆ ಬಣ್ಣದ್ದಿರಲಿ. ಮಗುವಿನ ಕಾಗದಕ್ಕೆ ಕೈ ಹಾಕಬೇಡಿ. ‘ಕೊಡು ಕಂದ, ಸರಿ ಮಾಡ್ತೀನಿ’ ಅಂದರೆ ಆ ಹೂವು ಅಲ್ಲಿಗೆ ನಿಮ್ಮದಾಯಿತು.

ತ್ರಿಕೋನ ಹೀಗೆ. ಚೌಕದ ಬಣ್ಣದ ಮಗ್ಗುಲು ಕೆಳಗಿರಲಿ, ಒಂದು ಮೂಲೆ ಮಗುವಿನ ಹೊಟ್ಟೆಯ ಕಡೆ ಇರಲಿ. ಆ ಮೂಲೆಯನ್ನು ಎತ್ತಿ ಎದುರಿನ ಮೂಲೆಗೆ ಕೂಡಿಸಿ, ಹಿಡಿದು, ತೀಡಬೇಕು. ಹತ್ತಿರದ್ದನ್ನು ದೂರಕ್ಕೆ ಒಯ್ದರೆ ಮಡಿಕೆ ಮೈ ಹತ್ತಿರ ಬೀಳುತ್ತದೆ, ಒತ್ತಲು ಬಲ ಸಿಗುತ್ತದೆ.

ಟ್ಯೂಲಿಪ್ ಎಲ್ಲಕ್ಕಿಂತ ಸುಲಭ. ತ್ರಿಕೋನದ ಶಿಖರ ಮೇಲಿರಲಿ. ತಳದ ಎಡ ಮೂಲೆಯನ್ನು ಓರೆಯಾಗಿ ಮೇಲಕ್ಕೆ ಮಡಚಿ. ಅದರ ತುದಿ ತ್ರಿಕೋನದ ಅಂಚು ದಾಟಿ ಸ್ವಲ್ಪ ಹೊರಗೆ ಇಣುಕಬೇಕು. ಬಲ ಮೂಲೆಗೂ ಹಾಗೆಯೇ. ನಡುವೆ ಒಂದು, ಅಕ್ಕಪಕ್ಕ ಎರಡು, ಮೂರು ಎಸಳಿನ ಹೂವಾಯಿತು. ಇಲ್ಲಿ ಎಷ್ಟು ಓರೆ ಎಂಬ ಊಹೆ ಇದೆ, ಆದರೆ ತಪ್ಪಿದರೆ ನಷ್ಟವಿಲ್ಲ: ಒಬ್ಬರದು ಅರಳಿದ ಹೂವು, ಇನ್ನೊಬ್ಬರದು ಮೊಗ್ಗು. ದಂಟಿಗೆ ತೆಂಗಿನ ಗರಿಯ ಕಡ್ಡಿ ಹಿಂದೆ ಅಂಟಿಸಿ. ಉಳಿಸಿದ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ, ಒಂದು ತುದಿ ಚೂಪಾಗುವಂತೆ ಓರೆಯಾಗಿ ಕತ್ತರಿಸಿದರೆ ಎಲೆ. ಕತ್ತರಿ ಮುಟ್ಟುವುದು ಅಸಲಿ ಒರಿಗಾಮಿ ಅಲ್ಲ ಎನ್ನುವವರಿದ್ದಾರೆ. ಐದು ವರ್ಷದವರ ಮುಂದೆ ಆ ವಾದ ಬೇಡ.

ಗುಲಗಂಜಿ ಹುಳುವಿಗೆ ಕೆಂಪು ಕಾಗದ. ತ್ರಿಕೋನವನ್ನು ತಿರುಗಿಸಿ ಶಿಖರ ಕೆಳಗೆ ಬರುವಂತೆ ಇಡಿ. ಉದ್ದ ಅಂಚಿನ ನಡುವನ್ನು ಗುರುತು ಮಾಡಿಕೊಂಡು, ಎಡ ಬಲ ಮೂಲೆಗಳನ್ನು ಅಲ್ಲಿಂದ ಕೆಳಕ್ಕೆ ಮಡಚಿ. ಎರಡೂ ಶಿಖರಕ್ಕೆ ಸರಿಯಾಗಿ ಕೂಡುವ ಬದಲು ಬೆರಳಗಲ ಆಚೀಚೆ ನಿಂತರೆ ರೆಕ್ಕೆ ತೆರೆದಂತಾಗುತ್ತದೆ. ಮೇಲಿನ ತುದಿಯನ್ನು ಹಿಂದಕ್ಕೆ ಮಡಚಿದರೆ ತಲೆ. ಬದಿಯ ಚೂಪುಗಳನ್ನೂ ಚೂರು ಚೂರು ಹಿಂದಕ್ಕೆ ಮಡಚಿದರೆ ಮೈ ದುಂಡಗಾಗುತ್ತದೆ. ಚುಕ್ಕೆ ಇಡುವುದು ಮಗುವಿಗೆ ಬಿಟ್ಟದ್ದು. ಏಳು ಚುಕ್ಕೆಯ ಹುಳುಗಳೂ ಇವೆ, ಎರಡು ಚುಕ್ಕೆಯವೂ ಇವೆ, ಆದ್ದರಿಂದ ಎಷ್ಟಿಟ್ಟರೂ ತಕರಾರಿಲ್ಲ. ಗಿಡದ ಹೇನು ತಿನ್ನುವ ಈ ಹುಳು ರೈತನ ಕಡೆಯದು ಎಂದು ಹೇಳಲು ಇದೇ ಸಮಯ.

ಚಿಟ್ಟೆಯಲ್ಲಿ ಮೊದಲ ಮಡಿಕೆಯೇ ಬೇಕೆಂದು ತಪ್ಪಬೇಕು. ಮೂಲೆಗೆ ಮೂಲೆ ಪೂರ್ತಿ ಕೂಡಿಸದೆ ಬೆರಳಗಲ ಬಿಟ್ಟರೆ ರೆಕ್ಕೆಯ ಅಂಚಿನಲ್ಲಿ ಬಿಳಿ ಪಟ್ಟೆ ಉಳಿಯುತ್ತದೆ. ಮೂಲೆ ಕೂಡಿಸಲು ಇನ್ನೂ ಬಾರದ ಮೂರು ವರ್ಷದ ತಮ್ಮನ ತ್ರಿಕೋನಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಶಿಖರ ಕೆಳಗಿಟ್ಟು, ಎಡವನ್ನು ಬಲದ ಮೇಲೆ ತಂದು ಎರಡಾಗಿ ಮಡಚಿ. ಈಗ ಬೆನ್ನಿನ ಗೆರೆ ಎಡಗಡೆ ಇದೆ. ಅದರಿಂದ ಬೆರಳಗಲ ಬಿಟ್ಟು ಮೇಲಿನ ರೆಕ್ಕೆಯನ್ನು ಎಡಕ್ಕೆ ಮಡಚಿ. ಕಾಗದ ತಿರುವಿ ಇನ್ನೊಂದು ರೆಕ್ಕೆಯನ್ನೂ ಅಷ್ಟೇ ಅಗಲ ಬಿಟ್ಟು ಅದರ ಜೊತೆಗೆ ತನ್ನಿ. ಬಿಚ್ಚಿದರೆ ನಡುವೆ ಮೈ ಏಣಾಗಿ ನಿಲ್ಲುತ್ತದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಕೈ ಮೇಲೆ ಕೆಳಗೆ ಆಡಿಸಿದರೆ ರೆಕ್ಕೆ ಬಡಿಯುತ್ತದೆ. ಮಡಚಿದ ಮೇಲೆ ಆಡಲು ಬರುವ ವಸ್ತುವಿಗೆ ಮಕ್ಕಳಲ್ಲಿ ಬೆಲೆ ಹೆಚ್ಚು. ಟ್ಯೂಲಿಪ್ ಗೋಡೆ ಸೇರುತ್ತದೆ, ಚಿಟ್ಟೆ ಮನೆಯೆಲ್ಲ ಓಡಾಡುತ್ತದೆ.

ಶಿರಸ್ತ್ರಾಣ ಆರು ಏಳು ವರ್ಷದವರಿಗೆ. ಇದಕ್ಕೆ ದಿನಪತ್ರಿಕೆಯ ಪೂರ್ತಿ ಹಾಳೆಯನ್ನು ಬಿಡಿಸಿ ಚೌಕ ಮಾಡಿದರೆ ತಲೆಗೆ ಹಾಕಿಕೊಳ್ಳುವಷ್ಟು ದೊಡ್ಡದಾಗುತ್ತದೆ. ಶಿಖರ ಕೆಳಗಿಟ್ಟು, ಎಡ ಬಲ ಮೂಲೆಗಳನ್ನು ಈ ಸಲ ಶಿಖರಕ್ಕೇ ಸರಿಯಾಗಿ ಕೂಡಿಸಿ. ಆ ಎರಡು ತುದಿಗಳನ್ನು ಮತ್ತೆ ಮೇಲಿನ ತುದಿಗೆ ಒಯ್ಯಿರಿ, ಆಮೇಲೆ ಓರೆಯಾಗಿ ಹೊರಕ್ಕೆ ಚಾಚಿ, ಅವು ಕೋಡುಗಳು. ಕೆಳಗೆ ಉಳಿದ ಎರಡು ಪದರಗಳಲ್ಲಿ ಮೇಲಿನದನ್ನು ಮಾತ್ರ ಎತ್ತಿ ಹಣೆಯ ಕಡೆಗೆ ಮಡಚಿ, ಉಳಿದ ಅಂಚನ್ನು ಇನ್ನೊಮ್ಮೆ ಮೇಲಕ್ಕೆ ಮಡಚಿದರೆ ಪಟ್ಟಿ ಬಂತು. ಹಿಂದಿನ ಪದರವನ್ನು ಹಿಂದಕ್ಕೆ ಮಡಚಿ, ಬಾಯಿ ತೆರೆದು ತಲೆಗೆ ಇಡಿ. ಪತ್ರಿಕೆಯ ಕಾಗದ ತೆಳು, ಮಕ್ಕಳು ಯುದ್ಧಕ್ಕೆ ಹೊರಟರೆ ಮೊದಲು ಹರಿಯುವುದು ಹಿಂಬದಿಯ ಮಡಿಕೆ. ಅಲ್ಲಿಗೆ ಮೊದಲೇ ಒಂದು ತುಂಡು ಟೇಪ್ ಅಂಟಿಸಿಡಿ.